ಆರು ಮಂದಿಗೆ ಎಷ್ಟು ರೂಮು? ಆನೆಗೊಂದಿ, ಸಾಣಾಪುರ ಕಡೆ ತಂಗುವ ಮುನ್ನ ಹಾಕಬೇಕಾದ ಲೆಕ್ಕ

ರಾಯಚೂರಿನಿಂದಲೋ ಬಳ್ಳಾರಿಯಿಂದಲೋ ಎರಡು ದಿನದ ಮಟ್ಟಿಗೆ, ಹಂಪಿಯ ಎದುರಿಗೆ ತುಂಗಭದ್ರೆಯ ಇನ್ನೊಂದು ದಡದಲ್ಲಿರುವ ಆನೆಗೊಂದಿ ಕಡೆ ಹೊರಡುವ ಮನೆಮಂದಿ ಅಂದರೆ ಬಹಳ ಸಲ ಆರು ಜನ: ಗಂಡ ಹೆಂಡತಿ, ಎರಡು ಮಕ್ಕಳು, ಜೊತೆಗೆ ಅಜ್ಜ ಅಜ್ಜಿ. ರಿಸಾರ್ಟಿನ ರೂಮು ಮಾತ್ರ ಇಬ್ಬರಿಗೆಂದೇ ಕಟ್ಟಿದ್ದು. ಒಂದೇ ರೂಮಿಗೆ ಗಾದಿ ಹಾಕಿಸುವುದಾ, ಎರಡು ರೂಮು ಹಿಡಿಯುವುದಾ, ದೊಡ್ಡ ಕಾಟೇಜಾ, ಇಲ್ಲ ಹೋಮ್‌ಸ್ಟೇಯಾ ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ. ಬಾಡಿಗೆಯನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುವುದಿಲ್ಲ. ರಾತ್ರಿ ಯಾರು ಎಲ್ಲಿ ಮಲಗುತ್ತಾರೆ, ಬೆಳಗ್ಗೆ ಎಷ್ಟು ಜನ ಯಾವ ಬಚ್ಚಲಲ್ಲಿ ಸ್ನಾನ ಮಾಡುತ್ತಾರೆ, ಈ ಎರಡನ್ನು ಮೊದಲು ಬಗೆಹರಿಸಿಕೊಂಡರೆ ಉಳಿದದ್ದು ತಾನಾಗಿ ತಿಳಿಯಾಗುತ್ತದೆ.

ರೂಮಿಗೆ ಎರಡು ಮಿತಿ ಇರುತ್ತವೆ

ಒಂದು ರೂಮಿನ ವಿವರದಲ್ಲಿ ಎರಡು ಬೇರೆ ಬೇರೆ ಸಂಖ್ಯೆ ಅಡಗಿರುತ್ತವೆ. ಮೊದಲನೆಯದು ಬಾಡಿಗೆಯಲ್ಲಿ ಸೇರಿದ ಜನ, ಸಾಮಾನ್ಯವಾಗಿ ಇಬ್ಬರು. ಎರಡನೆಯದು ಗರಿಷ್ಠ ಮಿತಿ, ಸಾಮಾನ್ಯವಾಗಿ ಮೂವರು, ಕೆಲವೆಡೆ "ಇಬ್ಬರು ದೊಡ್ಡವರು ಮತ್ತು ಇಬ್ಬರು ಮಕ್ಕಳು". ಈ ಎರಡರ ನಡುವಿನ ಪ್ರತಿ ತಲೆಗೂ ಹೆಚ್ಚುವರಿ ಹಣ. ಗರಿಷ್ಠವನ್ನು ದಾಟಿದರೆ ಹಣ ಕೊಟ್ಟರೂ ಜಾಗವಿಲ್ಲ. "ಮೂವರಿಗೆ ಅವಕಾಶ" ಎಂದು ಬರೆದಿದ್ದನ್ನು ಓದಿ ಮೂವರಿಗೂ ಸೇರಿ ಅದೇ ಬಾಡಿಗೆ ಎಂದುಕೊಳ್ಳುವುದು ಬಹಳ ಮಂದಿ ಮಾಡುವ ತಪ್ಪು.

ಮಕ್ಕಳ ವಯಸ್ಸಿನ ಗೆರೆ ಇನ್ನೊಂದು. ಐದು ವರ್ಷದೊಳಗಿನ ಮಗು ಅಪ್ಪ ಅವ್ವನ ಹಾಸಿಗೆಯಲ್ಲೇ ಮಲಗಿದರೆ ಹಣವಿಲ್ಲ, ಆರರಿಂದ ಹನ್ನೆರಡರವರೆಗೆ ಅರ್ಧವೋ ಮುಕ್ಕಾಲೋ, ಆಮೇಲೆ ದೊಡ್ಡವರ ದರ ಎಂಬುದು ಹೆಚ್ಚಾಗಿ ಕಾಣುವ ಪದ್ಧತಿ. ಆದರೆ ಗೆರೆ ಎಲ್ಲಿ ಎಳೆಯಬೇಕೆಂಬುದು ಆಯಾ ಮಾಲೀಕರಿಗೆ ಬಿಟ್ಟದ್ದು. ಕೆಲವು ಬುಕಿಂಗ್ ಜಾಲತಾಣಗಳು 17 ವರ್ಷದವರೆಗೂ ಮಗು ಎಂದೇ ಎಣಿಸುತ್ತವೆ. ಅಲ್ಲಿ 14ರ ಹುಡುಗನನ್ನು ಮಗು ಎಂದು ತುಂಬಿದ್ದರೂ ಕೌಂಟರಿನಲ್ಲಿ ದೊಡ್ಡವರ ದರ ಕೇಳಬಹುದು. ಕೂಸಿನ ವಿಷಯದಲ್ಲೂ ಎಚ್ಚರ ಬೇಕು. ಹಣ ತೆಗೆದುಕೊಳ್ಳುವುದಿಲ್ಲ ಎಂದ ಮಾತ್ರಕ್ಕೆ ಗರಿಷ್ಠ ಸಂಖ್ಯೆಯಲ್ಲೂ ಎಣಿಸುವುದಿಲ್ಲ ಎಂದಲ್ಲ. ಮಿತಿ ಮೂರು ಇದ್ದ ರೂಮಿಗೆ ಗಂಡ, ಹೆಂಡತಿ, ಏಳು ವರ್ಷದ ಮಗಳು ಮತ್ತು ಕೂಸು ಬಂದರೆ ಕೆಲವೆಡೆ ಅದು ನಾಲ್ಕು.

ಈ ಮಿತಿ ಬರೀ ದುಡ್ಡಿಗಾಗಿ ಇಟ್ಟದ್ದು ಎಂಬ ಸಿಟ್ಟು ಅನೇಕರಿಗಿದೆ. ಅಳತೆ ಹಾಕಿ ನೋಡಿ. 10 ಅಡಿ ಅಗಲ, 12 ಅಡಿ ಉದ್ದದ ರೂಮಿನಲ್ಲಿ 6 ಅಡಿ ಅಗಲದ, ಆರೂವರೆ ಅಡಿ ಉದ್ದದ ಮಂಚ ಹಾಕಿದರೆ ಕಾಲ್ದೆಸೆಯಲ್ಲಿ ಉಳಿಯುವುದು ಐದೂವರೆ ಅಡಿ. ಅದರಲ್ಲಿ ಟಿವಿ ಮೇಜು, ಕಪಾಟಿಗೆ ಎರಡು ಅಡಿ ಹೋದರೆ ಮೂರೂವರೆ. 3 ಅಡಿ ಅಗಲದ ಒಂದು ಗಾದಿ ಅಲ್ಲಿ ಅಡ್ಡಲಾಗಿ ಹಿಡಿಯುತ್ತದೆ. ಎರಡನೆಯದಕ್ಕೆ ನೆಲವೇ ಇಲ್ಲ, ಹಾಕಿದರೆ ಬಚ್ಚಲ ಬಾಗಿಲೋ ಹೊರಬಾಗಿಲೋ ಪೂರ್ತಿ ತೆರೆಯುವುದಿಲ್ಲ. ರಾತ್ರಿ ಕರೆಂಟ್ ಹೋದಾಗ, ಹೊಗೆ ಎದ್ದಾಗ ಆರು ಜನ ಒಂದೇ ಬಾಗಿಲಿನಿಂದ ಹೊರಗೆ ಬರಬೇಕು ಎಂಬುದನ್ನು ನೆನೆದರೆ ಮಿತಿಯ ಅರ್ಥ ಗೊತ್ತಾಗುತ್ತದೆ. ಸಾಣಾಪುರ ಸುತ್ತಮುತ್ತ ಒಳಚರಂಡಿ ಇಲ್ಲದ ಕಡೆ ಶೌಚದ ಗುಂಡಿ, ಬೋರ್‌ವೆಲ್ ನೀರು ಎರಡೂ ತಲೆ ಲೆಕ್ಕದ ಮೇಲೇ ನಡೆಯುತ್ತವೆ.

ಯಾವುದರ ಮೇಲೆ ತೂಗಬೇಕು

ಮೊದಲ ಅಳತೆಗೋಲು ಬಚ್ಚಲು. ಇದನ್ನು ಮೊದಲಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಅಂಜನಾದ್ರಿಯ 575 ಮೆಟ್ಟಿಲು ಬಿಸಿಲೇರುವ ಮುಂಚೆ ಹತ್ತಬೇಕೆಂದರೆ ಬೆಳಗ್ಗೆ ಐದೂವರೆಗೆಲ್ಲ ಎಲ್ಲರ ಸ್ನಾನ ಮುಗಿದಿರಬೇಕು. 15 ಲೀಟರಿನ ಗೀಸರ್ ಪೂರ್ತಿ ಕಾದಾಗ ತಣ್ಣೀರು ಬೆರೆಸಿ ಸುಮಾರು ಎರಡು ಬಕೆಟ್ ಹದವಾದ ನೀರು ಕೊಡುತ್ತದೆ. ಮತ್ತೆ ಕಾಯಲು 2 ಕಿಲೋವಾಟ್ ಕಾಯಿಲ್‌ಗೆ ಸುಮಾರು 20 ನಿಮಿಷ. 25 ಲೀಟರಿನದಾದರೆ ಮೂರು ಬಕೆಟ್, ಮತ್ತೆ ಕಾಯಲು ಅರ್ಧ ತಾಸು. ಆರು ಜನಕ್ಕೆ 15 ಲೀಟರಿನ ಒಂದೇ ಗೀಸರ್ ಇದ್ದರೆ ಸ್ನಾನಕ್ಕೆ ತಲಾ ಹತ್ತು ನಿಮಿಷ, ನಡುವೆ ಎರಡು ಸಲ ಕಾಯುವುದು ಸೇರಿ ಒಂದೂವರೆ ತಾಸು ಮೀರುತ್ತದೆ. ಎರಡು ಬಚ್ಚಲಿಗೆ ಮೂವರಂತೆ ಹಂಚಿದರೆ ಒಂದು ತಾಸಿನೊಳಗೆ ಮುಗಿಯುತ್ತದೆ. ಸೋಲಾರ್ ನೀರು ಎಂದು ಹೇಳಿದರೆ ಬೆಳಗ್ಗೆ ಎಷ್ಟು ಗಂಟೆಯವರೆಗೆ ಬಿಸಿ ಇರುತ್ತದೆ ಎಂದು ಕೇಳಿ. ಬೇಗ ಎದ್ದ ರೂಮಿನವರು ಖಾಲಿ ಮಾಡಿದ ಮೇಲೆ ಕೊಳಾಯಿಯ ಕೊನೆಯ ರೂಮಿಗೆ ಉಳಿಯುವುದು ಬೆಚ್ಚನೆಯ ನೀರಷ್ಟೆ.

ಎರಡನೆಯದು ಮಲಗುವ ಜಾಗದ ನಿಜವಾದ ಅಗಲ. 6 ಅಡಿ ಮಂಚದಲ್ಲಿ ಇಬ್ಬರು ದೊಡ್ಡವರು, ನಡುವೆ ನಾಲ್ಕು ವರ್ಷದ ಮಗು ನೆಮ್ಮದಿಯಾಗಿ ಮಲಗಬಹುದು. ಅದೇ ಮಗುವಿಗೆ ಹತ್ತು ವರ್ಷವಾಗಿದ್ದರೆ ಮೂವರಿಗೂ ನಿದ್ದೆ ಇಲ್ಲ. 5 ಅಡಿ ಮಂಚದಲ್ಲಿ ಮೂರನೆಯವರ ಮಾತೇ ಬೇಡ. ಎರಡು ಒಂಟಿ ಮಂಚ ಜೋಡಿಸಿದ್ದರೆ ನಡುವೆ ಸಂದು ಇರುತ್ತದೆ, ಸಣ್ಣ ಮಗು ಅದರೊಳಗೆ ಜಾರುತ್ತದೆ. ಆ ಸಂದಿಗೆ ಕೌದಿಯನ್ನು ಉರುಳೆಯಾಗಿ ಸುತ್ತಿ ತುಂಬಿ, ಮೇಲೆ ಅಡ್ಡಡ್ಡ ಚಾದರ ಹಾಸಬೇಕು.

ಮೂರನೆಯದು ಹಿರಿಯರ ಮೊಣಕಾಲು. ನೆಲಮಹಡಿಯಾ, ಕೂರುವ ಕಮೋಡ್ ಇದೆಯಾ, ಊಟದ ಮನೆಗೆ ಎಷ್ಟು ಮೆಟ್ಟಿಲು, ದಾರಿಯಲ್ಲಿ ದೀಪ ಇದೆಯಾ. ಬಂಡೆಗಳ ನಡುವೆ ಕಟ್ಟಿದ ರಿಸಾರ್ಟುಗಳಲ್ಲಿ ಚಿತ್ರದಲ್ಲಿ ಚಂದ ಕಾಣುವ ಕಾಟೇಜೇ ಎಲ್ಲದಕ್ಕೂ ದೂರ ಇರುತ್ತದೆ. ನೆಲದ ಗಾದಿಯ ಮೇಲೆ ಅಜ್ಜಿಯನ್ನು ಮಲಗಿಸುವ ಯೋಜನೆಯನ್ನು ಮೊದಲೇ ಕೈಬಿಡಿ. ಮಲಗುವುದು ಕಷ್ಟವಲ್ಲ, ಏಳುವುದು ಕಷ್ಟ.

ಕೊನೆಯದು ತೆರಿಗೆ ಸೇರಿದ ಒಟ್ಟು ಹಣ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%, ಅದಕ್ಕಿಂತ ಹೆಚ್ಚಿನದಕ್ಕೆ 18%. ಈ ಗೆರೆ ಎಳೆಯುವುದು ಒಂದೊಂದು ರೂಮಿಗೆ, ಇಡೀ ಬಿಲ್ಲಿಗಲ್ಲ. ಹೀಗಾಗಿ 4,000ದ ಎರಡು ರೂಮು ಹಿಡಿದರೆ 8,000ಕ್ಕೆ 400 ತೆರಿಗೆ. ಅದೇ 8,000ದ ಒಂದು ಕಾಟೇಜಿಗೆ 1,440. ಎರಡು ರಾತ್ರಿಗೆ 2,080 ರೂಪಾಯಿ ವ್ಯತ್ಯಾಸ ತೆರಿಗೆಯಲ್ಲೇ ಬಂತು. 7,000ದ ರೂಮಿಗೆ 1,000ದ ಗಾದಿ ಸೇರಿಸಿದಾಗ ಬಿಲ್ ಯಾವ ದರದಲ್ಲಿ ಬರುತ್ತದೆ ಎಂಬುದನ್ನೂ ಮುಂಗಡ ಕೊಡುವ ಮುಂಚೆಯೇ ಕೇಳಿ.

ಒಂದೇ ರೂಮು, ಹೆಚ್ಚುವರಿ ಗಾದಿ

ಗಂಡ ಹೆಂಡತಿ, ಒಂದು ಮಗು ಇದ್ದರೆ ಇದಕ್ಕಿಂತ ಬೇರೆ ಬೇಕಿಲ್ಲ. ಮಗು ಐದರೊಳಗಿದ್ದರೆ ಗಾದಿಯೂ ಬೇಡ. ಮಕ್ಕಳು ಇಬ್ಬರಾಗಿ ಇಬ್ಬರೂ ಎಂಟರೊಳಗಿದ್ದರೆ ಒಂದು ಮಗು ಮಂಚದ ಮೇಲೆ, ಇನ್ನೊಂದು ಗಾದಿಯ ಮೇಲೆ. ರೂಮಿನ ಗರಿಷ್ಠ ಮಿತಿ ನಾಲ್ಕು ಎಂದು ಬರೆದಿರಬೇಕು, ಅಷ್ಟೆ.

"ಹೆಚ್ಚುವರಿ ಹಾಸಿಗೆ" ಎಂದರೆ ಏನು ಎಂದು ಬಿಡಿಸಿ ಕೇಳಿ. ಗಾಲಿಯ ಮಡಚುವ ಮಂಚ ಒಂದು, ನಾಲ್ಕಿಂಚಿನ ಗಾದಿ ಇನ್ನೊಂದು, ಎರಡಿಂಚಿನ ತೆಳು ಗಾದಿ ಮತ್ತೊಂದು. ಮೂರಕ್ಕೂ ಒಂದೇ ಹೆಸರು, ಬಹಳ ಸಲ ಒಂದೇ ದರ. ಡಿಸೆಂಬರ್, ಜನವರಿಯ ಚಳಿಗೆ ಗ್ರಾನೈಟ್ ನೆಲದ ಮೇಲಿನ ತೆಳು ಗಾದಿ ತಣ್ಣಗೆ ಕೊರೆಯುತ್ತದೆ. ಮನೆಯಿಂದ ಒಂದು ಕೌದಿ ಒಯ್ದು ಕೆಳಗೆ ಹಾಸುವುದು ಒಳ್ಳೆಯದು. ರಜೆಯ ದಿನಗಳಲ್ಲಿ ಇನ್ನೊಂದು ತೊಂದರೆ: ರೂಮಿಗೊಂದರಂತೆ ಗಾದಿಗಳು ಯಾವ ರಿಸಾರ್ಟಿನಲ್ಲೂ ಇರುವುದಿಲ್ಲ. ಸಂಜೆ ಮೊದಲು ಬಂದವರಿಗೆ ಸಿಕ್ಕಿ ಕೊನೆಗೆ ಬಂದವರಿಗೆ ಎರಡು ಹೊದಿಕೆ ಮಡಚಿ ಕೊಡುತ್ತಾರೆ. ಹಣ ಕಟ್ಟಿದ ರಸೀದಿಯಲ್ಲಿ ಗಾದಿಯ ಸಂಖ್ಯೆ ಬರೆಸಿಕೊಂಡಿದ್ದರೆ ಮಾತಾಡಲು ಬಲ ಇರುತ್ತದೆ.

ಬೇಸಿಗೆಯಲ್ಲಿ ಈ ಆಯ್ಕೆ ಇನ್ನಷ್ಟು ಬಿಗಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಹಗಲು 40 ಡಿಗ್ರಿ ದಾಟುತ್ತದೆ, ಕಾದ ತಾರಸಿ ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ. ಇಬ್ಬರಿಗೆಂದು ಹಾಕಿದ ಒಂದು ಟನ್ ಎಸಿ ಆಗಲೇ ಏದುಸಿರು ಬಿಡುತ್ತಿರುತ್ತದೆ. ಅದರ ಮೇಲೆ ನಾಲ್ಕು ಮೈಯ ಬಿಸಿ, ಪದೇ ಪದೇ ತೆಗೆಯುವ ಬಾಗಿಲು. ಕರೆಂಟ್ ಹೋದಾಗ ಜನರೇಟರ್ ಮೇಲೆ ಎಸಿ ಓಡುತ್ತದೋ, ಬರೀ ಫ್ಯಾನ್ ಮತ್ತು ದೀಪವೋ, ಅದನ್ನೂ ವಿಚಾರಿಸಿ.

ಪಕ್ಕಪಕ್ಕದ ಎರಡು ರೂಮು

ಐದು ಅಥವಾ ಆರು ಜನಕ್ಕೆ, ಅದರಲ್ಲೂ ಹಿರಿಯರಿದ್ದರೆ, ಹೆಚ್ಚಿನ ಕುಟುಂಬಗಳಿಗೆ ಇದೇ ಸರಿಯಾದ ಆಯ್ಕೆ. ಎರಡು ಬಚ್ಚಲು, ಎರಡು ಎಸಿ, ನಾಲ್ವರು ದೊಡ್ಡವರಿಗೂ ಮಂಚ. ಒಂದು ಮಗು ಅಪ್ಪ ಅವ್ವನ ಜೊತೆ, ಇನ್ನೊಂದು ಗಾದಿಯ ಮೇಲೆ ಅಜ್ಜ ಅಜ್ಜಿಯ ರೂಮಿನಲ್ಲಿ. ಬೆಳೆದ ಹೆಣ್ಣುಮಗಳಿದ್ದರೆ ಅವ್ವ, ಅಜ್ಜಿ, ಮಗಳು ಒಂದು ರೂಮು, ಗಂಡಸರು ಇನ್ನೊಂದು. ಅಜ್ಜ ರಾತ್ರಿ ಮೂರು ಸಲ ಎದ್ದರೂ ಮಕ್ಕಳ ನಿದ್ದೆ ಕೆಡುವುದಿಲ್ಲ. ತೆರಿಗೆಯ ಲೆಕ್ಕದಲ್ಲೂ ಇದೇ ಹಗುರ ಎಂಬುದನ್ನು ಮೇಲೆ ನೋಡಿದೆವು.

ಕೆಡುವುದು ಎಲ್ಲಿ ಎಂದರೆ "ಪಕ್ಕಪಕ್ಕ" ಎಂಬ ಮಾತಿನಲ್ಲಿ. ಜಾಲತಾಣದಲ್ಲಿ ಎರಡು ರೂಮು ಬುಕ್ ಮಾಡಿದರೆ ಅವು ಪಕ್ಕದಲ್ಲೇ ಇರಬೇಕೆಂಬ ನಿಯಮವೇನಿಲ್ಲ. ಒಂದು ನೆಲಮಹಡಿಯಲ್ಲಿ, ಇನ್ನೊಂದು ಮೇಲೆ ಸಿಗಬಹುದು. ಬುಕ್ ಮಾಡಿದ ದಿನವೇ ಫೋನ್ ಮಾಡಿ ಎರಡರ ನಂಬರ್ ಗೊತ್ತುಮಾಡಿಕೊಳ್ಳಿ, ಬರುವ ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ. ನಡುವೆ ಒಳಬಾಗಿಲು ಇರುವ ಜೋಡಿ ರೂಮು ಸಿಕ್ಕರೆ ಸಣ್ಣ ಮಕ್ಕಳಿರುವವರಿಗೆ ಬಹಳ ಅನುಕೂಲ, ಆದರೆ ಈ ಭಾಗದಲ್ಲಿ ಅಂಥವು ಕಡಿಮೆ. ಎರಡು ರೂಮಿದ್ದಾಗ ಮಕ್ಕಳಷ್ಟನ್ನೇ ಒಂದರಲ್ಲಿ ಬಿಡುತ್ತೇವೆ ಎಂಬ ಯೋಚನೆಗೆ ಅನೇಕ ಕಡೆ ಒಪ್ಪುವುದಿಲ್ಲ. ಪ್ರತಿ ರೂಮಿಗೆ 18 ದಾಟಿದ ಒಬ್ಬರ ಹೆಸರು, ಗುರುತಿನ ಚೀಟಿ ಇರಲೇಬೇಕು.

ದೊಡ್ಡ ಕಾಟೇಜು, ಫ್ಯಾಮಿಲಿ ರೂಮು

ಎಲ್ಲರೂ ಒಂದೇ ಸೂರಿನಡಿ, ನಡುವೆ ಕೂತು ಮಾತಾಡಲು ಪಡಸಾಲೆ, ಮುಂದೆ ಜಗಲಿ. ಈ ಸುಖವನ್ನು ಎರಡು ರೂಮು ಕೊಡುವುದಿಲ್ಲ, ಸಂಜೆ ಎಲ್ಲರೂ ಒಬ್ಬರ ಮಂಚದ ಮೇಲೆ ಕೂರಬೇಕಾಗುತ್ತದೆ. ಅಕ್ಕ ತಂಗಿಯರ ಎರಡು ಸಂಸಾರ ಕೂಡಿ ಬಂದಿದ್ದರೆ, ರಾತ್ರಿ ಮಾತೇ ಮುಖ್ಯವಾಗಿದ್ದರೆ ಹೆಚ್ಚಿನ ಹಣ ಕೊಟ್ಟು ಇದನ್ನೇ ಹಿಡಿಯಬಹುದು.

ಹಿಡಿಯುವ ಮುನ್ನ ಬಚ್ಚಲು ಎಷ್ಟು ಎಂದು ಎಣಿಸಿ. ಎರಡು ಮಲಗುವ ಕೋಣೆಗೆ ಒಂದೇ ಬಚ್ಚಲಿದ್ದರೆ, ಅದೂ ಒಂದು ಕೋಣೆಯ ಒಳಗಿಂದ ಹೋಗುವಂತಿದ್ದರೆ, ಅದು ಆರು ಜನರ ಮನೆಯಲ್ಲ. "ಆರು ಜನಕ್ಕೆ" ಎಂಬುದರಲ್ಲಿ ಪಡಸಾಲೆಯ ಸೋಫಾ ಸೇರಿದೆಯಾ ನೋಡಿ. ಸೋಫಾ ಮಂಚದ ನಡುವಿನ ಅಡ್ಡಪಟ್ಟಿ ಹತ್ತು ವರ್ಷದ ಮಗುವಿಗೂ ಬೆನ್ನಿಗೆ ಒತ್ತುತ್ತದೆ. ಅಟ್ಟವಿರುವ ಕಾಟೇಜುಗಳಲ್ಲಿ ಇಬ್ಬರನ್ನು ಅಟ್ಟಕ್ಕೆ ಎಣಿಸಿರುತ್ತಾರೆ. ಏಣಿಯಂಥ ಮೆಟ್ಟಿಲು ಹಿರಿಯರಿಗೂ ಆಗದು, ಐದರೊಳಗಿನ ಮಕ್ಕಳಿಗೂ ಆಗದು. ಬಿಸಿಗಾಳಿ ಮೇಲೇರುವುದರಿಂದ ಬೇಸಿಗೆಯಲ್ಲಿ ಅಟ್ಟ ಮಲಗುವ ಜಾಗವೇ ಅಲ್ಲ. ಅಂಥ ಕಾಟೇಜನ್ನು ಆರಕ್ಕಲ್ಲ, ನಾಲ್ಕಕ್ಕೆ ಎಂದು ಓದಿಕೊಳ್ಳಿ.

ನಾಲ್ಕು ಒಂಟಿ ಮಂಚದ ಫ್ಯಾಮಿಲಿ ರೂಮು ಗಂಗಾವತಿ, ಹೊಸಪೇಟೆಯ ಊರೊಳಗಿನ ಲಾಡ್ಜ್‌ಗಳಲ್ಲಿ ಸಿಗುತ್ತದೆ. ದೊಡ್ಡ ಮಕ್ಕಳಿಬ್ಬರಿರುವ ನಾಲ್ವರ ಸಂಸಾರಕ್ಕೆ, ಹಗಲೆಲ್ಲ ತಿರುಗಿ ಬಂದು ಮಲಗುವುದಷ್ಟೇ ಬೇಕಾದವರಿಗೆ, ದುಡ್ಡಿಗೆ ಇದರಷ್ಟು ಹೊಂದುವುದು ಬೇರೆ ಇಲ್ಲ.

ಹೋಮ್‌ಸ್ಟೇ

ಆನೆಗೊಂದಿಯ ಊರೊಳಗೂ ಸಾಣಾಪುರದ ಕಡೆಗೂ ಹೋಮ್‌ಸ್ಟೇಗಳಿವೆ. ಇಲ್ಲಿ ಬಾಡಿಗೆ ಬಹಳ ಸಲ ತಲೆ ಲೆಕ್ಕ, ಊಟ ಸೇರಿ. ಏಳು, ಎಂಟು, ಒಂಬತ್ತು ಎಂಬ ಹೊಂದದ ಸಂಖ್ಯೆಯವರಿಗೆ ಇದು ವರ. ರಿಸಾರ್ಟಿನಲ್ಲಿ ಏಳನೆಯವರಿಗಾಗಿ ಇನ್ನೊಂದು ರೂಮೇ ಹಿಡಿಯಬೇಕಾದಲ್ಲಿ ಇಲ್ಲಿ ಇನ್ನೊಂದು ಹಾಸಿಗೆಯಲ್ಲಿ ಮುಗಿಯುತ್ತದೆ. ಅಜ್ಜನಿಗೆ ಮೆತ್ತನೆಯ ರೊಟ್ಟಿ, ಕೂಸಿಗೆ ಖಾರವಿಲ್ಲದ ಬೇಳೆ ಎಂದು ಹೇಳಿ ಮಾಡಿಸಿಕೊಳ್ಳಬಹುದು. ಆದರೆ ಹಿಗ್ಗುವ ಲೆಕ್ಕಕ್ಕೂ ಕೊನೆಯಿದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಯೋಜನೆಯಲ್ಲಿ ಗರಿಷ್ಠ 6 ರೂಮು, 12 ಹಾಸಿಗೆ. ಇಪ್ಪತ್ತು ಜನಕ್ಕೂ ಸೈ ಎನ್ನುವ ಮನೆಯಲ್ಲಿ ಬಚ್ಚಲು ಎಷ್ಟು ಎಂದು ಕೇಳಿದ ಮೇಲೆ ಮುಂದಿನ ಮಾತು.

ನೋಂದಣಿಯ ಬಗ್ಗೆ ಕೇಳಲು ಸಂಕೋಚ ಬೇಡ. ಹಂಪಿ ಪರಂಪರೆ ಪ್ರದೇಶದ ವ್ಯಾಪ್ತಿಯಲ್ಲಿ ಕಟ್ಟಡಕ್ಕೆ ಪ್ರಾಧಿಕಾರದ ಅನುಮತಿ ಬೇಕು. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿದ್ದ ಅನಧಿಕೃತ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ತೆರವು ಮಾಡಿದರು. ಅನುಮತಿ ಇಲ್ಲದ ಜಾಗಕ್ಕೆ ಕೊಟ್ಟ ಮುಂಗಡವನ್ನು ವಾಪಸು ಪಡೆಯುವುದು ಸುಲಭವಲ್ಲ. ಇನ್ನೊಂದು ವಿಷಯ: ಹಂಪಿ ನೋಡಲೆಂದೇ ಬಂದವರು ಆನೆಗೊಂದಿಯ ದಡದಲ್ಲಿ ತಂಗಿದರೆ ದೋಣಿಯನ್ನು ನಂಬಬಾರದು. ಸಂಜೆಗೆ ನಿಲ್ಲುತ್ತದೆ, ಜಲಾಶಯದಿಂದ ನೀರು ಬಿಟ್ಟರೆ ಹಗಲಲ್ಲೂ ನಿಲ್ಲುತ್ತದೆ. ಆಗ ಕಡೆಬಾಗಿಲು–ಬುಕ್ಕಸಾಗರ ಸೇತುವೆಯ ಮೇಲೆ ಸುತ್ತಿ ಬರಬೇಕು. ಹಿರಿಯರಿದ್ದು ಹಂಪಿಯೇ ಮುಖ್ಯವಾದರೆ ಕಮಲಾಪುರ, ಹೊಸಪೇಟೆಯ ಕಡೆ ನೋಡಿ. ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ.

ಹತ್ತು ದಾಟಿದ ತಂಡಕ್ಕೆ ಇಡೀ ಹೋಮ್‌ಸ್ಟೇ, ಇಲ್ಲವಾದರೆ ಛತ್ರ, ಡಾರ್ಮಿಟರಿ. ದೇವರ ಕಾರ್ಯಕ್ಕೆ ಬಂದ ಬಳಗ ನೆಲದ ಮೇಲೆ ಸಾಲಾಗಿ ಮಲಗಲು ಸಿದ್ಧವಿರುತ್ತದೆ, ಆದರೆ ಹಿರಿಯರಿಗೆಂದು ಒಂದು ರೂಮು ಬೇರೆ ಹಿಡಿದಿಡಿ.

ತಲೆ ಲೆಕ್ಕ ಮುಚ್ಚಿಡುವುದು ಯಾಕೆ ನಷ್ಟ

ಇಬ್ಬರೆಂದು ಬುಕ್ ಮಾಡಿ ಐವರು ಇಳಿಯುವುದು ಉಳಿತಾಯದಂತೆ ಕಾಣುತ್ತದೆ. ಕೌಂಟರಿನಲ್ಲಿ ಪ್ರತಿಯೊಬ್ಬ ದೊಡ್ಡವರ ಗುರುತಿನ ಚೀಟಿ ಕೇಳುತ್ತಾರೆ, ಅವರ ಪರದೆಯ ಮೇಲೆ ಇಬ್ಬರು ಎಂದೇ ಇರುತ್ತದೆ. ಆಗ ಅವರು ಹೇಳಿದ ದರವೇ ದರ. ರೂಮು ಖಾಲಿ ಇಲ್ಲದಿದ್ದರೆ ಹೊರಗಿನ ದಾರಿ, ಕಟ್ಟಿದ ಹಣಕ್ಕೆ ರದ್ದತಿ ನಿಯಮ. ಹನುಮ ಮಾಲೆ ವಿಸರ್ಜನೆಯ ದಿನ ಅಂಜನಾದ್ರಿ ಸುತ್ತ, ಹಂಪಿ ಉತ್ಸವದಲ್ಲಿ ಆಚೆ ದಡದಲ್ಲಿ, ಜನವರಿಯ ಗವಿಮಠದ ಜಾತ್ರೆಗೆ ಕೊಪ್ಪಳದಲ್ಲಿ, ಹುಣ್ಣಿಮೆಗೆ ಹುಲಿಗಿಯಲ್ಲಿ ರಾತ್ರಿ ಒಂಬತ್ತಕ್ಕೆ ಇನ್ನೊಂದು ರೂಮು ಹುಡುಕುವುದು ಮಕ್ಕಳನ್ನು ಕಟ್ಟಿಕೊಂಡು ಆಗುವ ಕೆಲಸವಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವ ಮೊಮ್ಮಕ್ಕಳು ಜೊತೆಗಿದ್ದರೆ ಮೊದಲೇ ತಿಳಿಸಿ. ಅವರ ವಿವರವನ್ನು ತಂಗುವ ಜಾಗದವರು 24 ತಾಸಿನೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು, ಎಲ್ಲ ಹೋಮ್‌ಸ್ಟೇಗಳಲ್ಲೂ ಆ ಏರ್ಪಾಡು ಇರುವುದಿಲ್ಲ.

ಗಂಗಾವತಿಯ ಬೀಗರು ಬುತ್ತಿ ಕಟ್ಟಿಕೊಂಡು ಮಧ್ಯಾಹ್ನ ಭೇಟಿಗೆ ಬರುವ ಯೋಚನೆಯಿದ್ದರೆ ಅದಕ್ಕೂ ಒಪ್ಪಿಗೆ ಪಡೆಯಿರಿ. ಹಗಲಿನ ಅತಿಥಿಗಳಿಗೆ ಬೇರೆ ಶುಲ್ಕ ಇಡುವ, ಹೊರಗಿನ ಊಟ ಬೇಡವೆನ್ನುವ ರಿಸಾರ್ಟುಗಳಿವೆ.

ಫೋನಿನಲ್ಲಿ ಎಲ್ಲ ಮಾತಾಡಿದ ಮೇಲೆ ಅದನ್ನೇ ವಾಟ್ಸಾಪಿನಲ್ಲಿ ಬರೆದು ಕಳಿಸಿ, "ಸರಿ" ಎಂಬ ಉತ್ತರ ಬಂದ ನಂತರ ಮುಂಗಡ ಹಾಕಿ. ಹೀಗೆ ಬರೆದರೆ ಸಾಕು:

"ದೊಡ್ಡವರು 4, ಮಕ್ಕಳು 2 (ವಯಸ್ಸು 4 ಮತ್ತು 11). ರೂಮು 2, ನೆಲಮಹಡಿ, ಪಕ್ಕಪಕ್ಕ. ಒಂದು ರೂಮಿಗೆ ನಾಲ್ಕಿಂಚಿನ ಗಾದಿ 1, ದಿಂಬು ಹೊದಿಕೆ ಸೇರಿ. ಕೂರುವ ಕಮೋಡ್ ಎರಡರಲ್ಲೂ. ಬೆಳಗ್ಗೆ 4.30ಕ್ಕೆ ಬಿಸಿನೀರು. ತಿಂಡಿ ಆರೂ ಜನಕ್ಕೆ. ತೆರಿಗೆ ಸೇರಿ ಎರಡು ರಾತ್ರಿಗೆ ಒಟ್ಟು ಎಷ್ಟು?"

ತಿಂಡಿಯ ಮಾತನ್ನು ಬಿಡಬೇಡಿ. ಬಾಡಿಗೆಯಲ್ಲಿ ಸೇರಿದ ತಿಂಡಿ ಸಾಮಾನ್ಯವಾಗಿ ರೂಮಿಗೆ ಇಬ್ಬರದ್ದು, ಗಾದಿಯ ಹಣದಲ್ಲಿ ಮೂರನೆಯವರ ತಿಂಡಿ ಇದ್ದರೂ ಇರಬಹುದು, ಇಲ್ಲದಿರಲೂಬಹುದು. ತಲುಪಿದ ದಿನ ಸಂಜೆ ಸುತ್ತಾಟಕ್ಕೆ ಹೊರಡುವ ಮುಂಚೆ ಗಾದಿಯನ್ನು ರೂಮಿಗೆ ತರಿಸಿ, ಹಾಸಿ ನೋಡಿ, ಎರಡೂ ಗೀಸರ್ ಹಚ್ಚಿ ನೋಡಿ. ಆ ಹೊತ್ತಿಗೆ ಉಗ್ರಾಣದ ಕೀಲಿ ಇರುವವರು, ಕರೆಂಟ್ ಕೆಲಸದವರು ಇನ್ನೂ ಮನೆಗೆ ಹೋಗಿರುವುದಿಲ್ಲ.